ಸಹಾಯ ಬೇಕು: ಕೆಲಸದ ಜೊತೆ ಕೆಎಎಸ್ ಓದು, ಲಯ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ, ಅಕೌಂಟ್ಸ್ ಕೆಲಸ. ಜೊತೆಗೆ ಕೆಎಎಸ್ ಪ್ರಿಲಿಮ್ಸ್‌ಗೆ ಓದು. ಎರಡು ಪತ್ರಿಕೆ, ತಲಾ 200 ಅಂಕ.

ಬೆಳಿಗ್ಗೆ 4ಕ್ಕೆ ಏಳೋದು ನಾಲ್ಕೇ ದಿನ ನಡೆಯಿತು. ಐದನೇ ದಿನ ಆಫೀಸಿನಲ್ಲಿ ತೂಕಡಿಸಿ ಬೈಸಿಕೊಂಡೆ! ಈಗ ಉಳಿದಿರುವ ಅಭ್ಯಾಸ ಒಂದೇ. ರೈಲು ಹತ್ತಿದ ಕೂಡಲೇ ಡೇಟಾ ಆಫ್ ಮಾಡಿ 20 ಪ್ರಶ್ನೆ ಬಿಡಿಸುತ್ತೇನೆ. ತಪ್ಪಾದವನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದು ಭಾನುವಾರ ಮತ್ತೆ ನೋಡುತ್ತೇನೆ. (ಸೀಟು ಸಿಗದಿದ್ದರೆ ಅದೂ ಇಲ್ಲ.)

ಆದರೆ ಪ್ರತಿ ತಿಂಗಳು 11 ಮತ್ತು 20ನೇ ತಾರೀಕಿನ ಜಿಎಸ್‌ಟಿ ರಿಟರ್ನ್ ಗಡಿಬಿಡಿಯಲ್ಲಿ ಓದು ಪೂರ್ತಿ ನಿಲ್ಲುತ್ತದೆ. ಮತ್ತೆ ಶುರು ಮಾಡೋಕೆ ವಾರ ಬೇಕು.

ಕೆಲಸ ಬಿಡದೆ ಓದಿದವರು ಇಲ್ಲಿದ್ದೀರಲ್ವಾ? ಇಂಥ ದಿನಗಳಲ್ಲಿ ಹತ್ತು ನಿಮಿಷವಾದರೂ ಓದುತ್ತಿದ್ದಿರಾ, ಇಲ್ಲ ಸುಮ್ನೆ ಬಿಟ್ಟುಬಿಡುತ್ತಿದ್ದಿರಾ? ದಯವಿಟ್ಟು ತಿಳಿಸಿ.