ಮುಧೋಳ ನಾಯಿಯೊಂದಿಗೆ ಪೋರ್ಚುಗಲ್‌ನ ಕಡಲತೀರಕ್ಕೆ: ಸಿದ್ಧತೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಬಾಗಲಕೋಟೆಯಿಂದ)
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಪೋರ್ಟೊ ನಗರದಲ್ಲಿ ಕೆಲಸ ಸಿಕ್ಕಿದ್ದು, ಅವರು ಮುಂದಿನ ತಿಂಗಳೇ ಹೊರಡುತ್ತಾರೆ. ನಾನು ಮತ್ತು ಮಗಳು 5 ತಿಂಗಳ ನಂತರ ಹೋಗಲಿದ್ದೇವೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಯಾಗಿದ್ದಾಗ ತಂದ ನಮ್ಮ ಮುಧೋಳ ನಾಯಿ ಚಿಗರಿಗೆ ಈಗ 4 ವರ್ಷ. ಎರೆಹೊಲದಲ್ಲಿ ಓಡಿ ಬೆಳೆದ ಅವಳು ಸಮುದ್ರವನ್ನು ಕಂಡವಳಲ್ಲ. ರೇಬೀಸ್ ಲಸಿಕೆಯನ್ನು ಪ್ರತಿವರ್ಷ ಹಾಕಿಸಿದ್ದೇನೆ, ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಮಾತ್ರ ಇಲ್ಲ. ಇಲ್ಲಿಯೇ ಯಾರಿಗಾದರೂ ಕೊಟ್ಟುಬಿಡಿ ಎಂದು ಬಂಧುಗಳು ಹೇಳುತ್ತಾರೆ, ಅದು ನನ್ನಿಂದಾಗದು. ದಯವಿಟ್ಟು ಅನುಭವವುಳ್ಳವರು ದಾರಿ ತೋರಿಸಿರಿ.

ಉತ್ತರ 1 (ಬೆಳಗಾವಿಯವರು, ಈಗ ಪೋರ್ಚುಗಲ್ ನಿವಾಸಿ)
ಅಕ್ಕಾವರೇ, ಇಂದೇ ಆರಂಭಿಸಿರಿ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಕ್ರಮವೇ ಮುಖ್ಯ: ಮೊದಲು 15 ಅಂಕಿಗಳ ಚಿಪ್, ಅದಾದ ಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನಗಳಾದ ಮೇಲೆ ರಕ್ತ ಪರೀಕ್ಷೆ. ಒಕ್ಕೂಟವು ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ರೇಬೀಸ್ ತಡೆಯುವ ಪ್ರತಿಕಾಯದ ಮಟ್ಟ ಪ್ರತಿ ಮಿಲಿಲೀಟರಿಗೆ 0.5 ಐ.ಯು. (ಅಂತರರಾಷ್ಟ್ರೀಯ ಮಾನ) ಅಥವಾ ಹೆಚ್ಚು ಬರಬೇಕು, ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಚಿಪ್ಪಿಗೆ ಮುಂಚಿನ ಲಸಿಕೆಗಳು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ನಾಯಿಗೆ ಒಂದು ಚಿಕಿತ್ಸಾಲಯದಲ್ಲಿ ಲಸಿಕೆ ಹಾಕಿ ವಾರದ ಬಳಿಕ ಚಿಪ್ ಹಾಕಿದ್ದರಿಂದ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಯಿತು. ನಾನು ಬಂದು ನಾಲ್ಕು ತಿಂಗಳು ಕಳೆಯುವವರೆಗೆ ಅದು ಅವ್ವನ ಬಳಿ ಬಾಗಿಲು ನೋಡುತ್ತ ಕುಳಿತಿತ್ತು. ಆ ನೋವು ನಿಮಗೆ ಬೇಡ.

ಇನ್ನೊಂದು ಸಂಗತಿ, ಮಾಲೀಕರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ 5 ದಿನಗಳಿಗಿಂತ ಹೆಚ್ಚಿನ ಅಂತರವಿರಬಾರದು. ಯಜಮಾನರು ಮೊದಲೇ ಹೋಗುವುದರಿಂದ ಕಾಗದಪತ್ರಗಳೆಲ್ಲ ನಿಮ್ಮ ಹೆಸರಿನಲ್ಲಿರಲಿ. ಹೊರಡುವ ಮುನ್ನ ಬೆಂಗಳೂರು ಅಥವಾ ಮುಂಬೈಯ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು; ಅದು ಕೊಟ್ಟ ದಿನದಿಂದ 10 ದಿನಗಳೊಳಗೆ ಪೋರ್ಚುಗಲ್ ತಲುಪಬೇಕು. ಹಾಲು, ಮಾಂಸ ಸೇರಿದ ತಿನಿಸನ್ನು ಚೀಲದಲ್ಲಿ ತರಬೇಡಿರಿ, ಒಳಗೆ ಬಿಡುವುದಿಲ್ಲ.

ಉತ್ತರ 2 (ವಿಜಯಪುರ, ಪಶುವೈದ್ಯ)
ಮೇಲಿನವರು ಹೇಳಿದ್ದು ಸರಿಯಾಗಿದೆ. ವಿಮಾನದಲ್ಲಿ ಶಾಂತವಾಗಿರಲೆಂದು ನಿದ್ರೆಯ ಔಷಧಿ ಕೊಡಬೇಡಿರಿ; ಉಸಿರಾಟ ಮತ್ತು ರಕ್ತದೊತ್ತಡ ಕುಸಿಯಬಹುದು, ಮೈಯಲ್ಲಿ ಕೊಬ್ಬು ಕಡಿಮೆಯಿರುವ ಬೇಟೆನಾಯಿಗಳು ಕೆಲವು ಅರಿವಳಿಕೆಗಳಿಂದ ಬೇಗ ಚೇತರಿಸಿಕೊಳ್ಳುವುದೂ ಇಲ್ಲ. ಬದಲಿಗೆ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ದೊಡ್ಡ ಪಂಜರವನ್ನು ಈಗಲೇ ತಂದು, ಊಟವನ್ನು ಅದರೊಳಗೇ ಹಾಕುತ್ತ ರೂಢಿ ಮಾಡಿಸಿರಿ.

ಕಡಲತೀರದಲ್ಲಿ ನಾಯಿ ಬಾಯಾರಿ ಉಪ್ಪುನೀರು ಕುಡಿದರೆ ವಾಂತಿ, ಭೇದಿಯಾಗುತ್ತದೆ; ಹೆಚ್ಚು ಕುಡಿದರೆ ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೇ ಅಪಾಯ. ಸಿಹಿನೀರಿನ ಬಾಟಲಿಯನ್ನು ಸದಾ ಒಯ್ಯಿರಿ. ಮರಳಿ ಬಂದ ಕೂಡಲೇ ಉಪ್ಪು, ಮರಳನ್ನು ತೊಳೆದು, ಕಿವಿಯನ್ನು, ಬೆರಳುಗಳ ಸಂದನ್ನು ಒಣಗಿಸಿರಿ. ನಮ್ಮ ಬಿಸಿಲಿಗೆ ಹೊಂದಿದ ತೆಳ್ಳನೆಯ ಕೂದಲು ಅಟ್ಲಾಂಟಿಕ್ ಗಾಳಿಯನ್ನು ತಡೆಯಲಾರದು. ಚಳಿಗಾಲಕ್ಕೆ ಅಂಗಿ ಬೇಕೇ ಬೇಕು. ಅಲ್ಲಿ ಮರಳುನೊಣದಿಂದ ಲೀಶ್ಮೇನಿಯಾ ಎಂಬ ರೋಗಾಣು, ಸೊಳ್ಳೆಯಿಂದ ಹೃದಯಹುಳು ಹರಡುತ್ತವೆ. ನೊಣ ದೂರವಿಡುವ ಕೊರಳಪಟ್ಟಿಯ ಬಗ್ಗೆ ಅಲ್ಲಿನ ವೈದ್ಯರನ್ನು ಮೊದಲ ವಾರದಲ್ಲೇ ಕೇಳಿರಿ.

ಉತ್ತರ 1 (ಮತ್ತೊಮ್ಮೆ)
ಪೈನ್ ಮರಗಳಿಂದ ಚಳಿಗಾಲದ ಕೊನೆಗೆ ಸಾಲುಗಟ್ಟಿ ಇಳಿಯುವ ಕಂಬಳಿಹುಳುಗಳನ್ನು ಮೂಸಲು ಬಿಡಬೇಡಿರಿ, ಅವುಗಳ ರೋಮ ತಾಗಿದರೆ ನಾಲಿಗೆ ಬಾತು ಕೊಳೆಯುತ್ತದೆ. ಬೇಸಿಗೆಯಲ್ಲಿ ಕಾವಲುಗಾರರಿರುವ ಹಲವು ಸ್ನಾನತೀರಗಳಿಗೆ ನಾಯಿಗೆ ಪ್ರವೇಶವಿಲ್ಲ. ಫಲಕ ನೋಡಿ ಹೋಗಿರಿ.

ಪ್ರಶ್ನಿಸಿದವರು
ಇಬ್ಬರಿಗೂ ಅನಂತ ಧನ್ಯವಾದಗಳು. ನಾಳೆ ಮುಂಜಾನೆಯೇ ಚಿಪ್ ಹಾಕಿಸಿ, ಅದರ ಸಂಖ್ಯೆಯನ್ನು ಓದಿಸಿ ನೋಡಿ, ನಂತರವೇ ಲಸಿಕೆ ಹಾಕಿಸುತ್ತೇನೆ. ಪಂಜರದ ಅಳತೆಗಾಗಿ ಚಿಗರಿಯ ಎತ್ತರ, ಉದ್ದವನ್ನು ಮಗಳು ಈಗ ಟೇಪಿನಿಂದ ಅಳೆಯುತ್ತಿದ್ದಾಳೆ.