ಐದು ಸಾವಿರದೊಳಗೆ ಮನೆತನದ ಮೂಲ ಹುಡುಕಿದವರು ಯಾರಾದ್ರೂ ಇದ್ದೀರಾ?

ರೋಣದ ಮರಿಮಗಳು: ಮುತ್ತಜ್ಜ ರೋಣದ ಕಡೆಯಿಂದ ದಾವಣಗೆರೆಗೆ ದುಡಿಯಲು ಬಂದರು ಅನ್ನೋದಷ್ಟೇ ನಮಗೆ ಗೊತ್ತು. ಊರು, ಅಡ್ಡಹೆಸರು, ಅವರ ಅಪ್ಪನ ಹೆಸರು ಯಾವುದೂ ಗೊತ್ತಿಲ್ಲ. ನಮ್ಮ ಅಪ್ಪನಿಗೆ ಈಗ 74. ಅವರು ಇರುವಾಗಲೇ ತಿಳಿಯಬೇಕು. ಕೈಯಲ್ಲಿ 5,000 ರೂಪಾಯಿ ಇದೆ. ಎಲ್ಲಿಂದ ಶುರು ಮಾಡಲಿ? ನಿಮ್ಮ ಅನುಭವ ಹೇಳಿ.

ಬ್ಯಾಡಗಿ ಅಣ್ಣ: ಹೆಳವರನ್ನು ಹಿಡಿಯಿರಿ, ಮನೆಮನೆಗೆ ಬಂದು ವಂಶಾವಳಿ ಹಾಡಿ ಹೇಳುವವರು. ಬೇರೆ ಯಾವ ದಾರಿಯೂ ಬೇಡ. ನಮ್ಮ ಮನೆಯ ಹೆಳವರು ಸುಗ್ಗಿ ಮುಗಿದ ಮೇಲೆ ಬರುತ್ತಾರೆ, ಅದೂ ಪ್ರತಿ ವರ್ಷ ಅಲ್ಲ. ನಾನು ಹದಿನಾಲ್ಕು ತಿಂಗಳು ಕಾದೆ. ಬಂದ ದಿನ ಎತ್ತನ್ನು ಅಂಗಳದಲ್ಲಿ ಕಟ್ಟಿ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಹೊತ್ತಿಗೆ ಬಿಚ್ಚಿದರು. ನಾನು ಅಜ್ಜನ ಹೆಸರು ಹೇಳುವ ಮೊದಲೇ ಅವರು ಹೇಳಿದರು. ಒಂಬತ್ತು ತಲೆಮಾರು! ನಡುವೆ ಒಂದು ಕೂಸಿನ ಹೆಸರು ಬಂತು, ಮೂರು ವರ್ಷಕ್ಕೇ ತೀರಿಕೊಂಡದ್ದು. ಆ ಹೆಸರು ಗೊತ್ತಿದ್ದದ್ದು ನಮ್ಮ ಸೋದರತ್ತೆಗೆ ಮಾತ್ರ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಖರ್ಚು: ಕಾಣಿಕೆ 2,000, ಒಂದು ಚೀಲ ಜೋಳ 2,600, ಧೋತ್ರ 450. ಒಟ್ಟು 5,050.

ಹರಪನಹಳ್ಳಿ ಅಕ್ಕ: ಅಣ್ಣಾ, ಆ ಒಂಬತ್ತು ತಲೆಮಾರಿನಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿತ್ತು? ನಮ್ಮ ಮನೆಗೂ ಹೆಳವರು ಬಂದಿದ್ದರು. ನನ್ನ ಹೆಸರೂ ಇಲ್ಲ, ನಮ್ಮ ಅವ್ವನ ಹೆಸರೂ ಇಲ್ಲ. ಗಂಡಸರ ಪಟ್ಟಿ ಓದಿಸಿಕೊಂಡು 1,500 ಕೊಟ್ಟದ್ದಾಯಿತು.

ನನಗೆ ದಾರಿ ತೋರಿಸಿದ್ದು ಮುಯ್ಯಿ ಪುಸ್ತಕ. ಅವ್ವನ ಮದುವೆ 1958ರಲ್ಲಿ ಆಯಿತು. ಟ್ರಂಕಿನ ತಳದಲ್ಲಿ ಆ ಮುಯ್ಯಿ ಲೆಕ್ಕ ಇತ್ತು, ಅಂಚನ್ನು ಗೆದ್ದಲು ತಿಂದಿತ್ತು. ಯಾರು, ಯಾವ ಊರು, ಏನು ಕೊಟ್ಟರು ಅಂತ ಸಾಲುಸಾಲಾಗಿ ಬರೆದಿದ್ದರು. ಒಂದು ಸಾಲಿನಲ್ಲಿ "ಹಿರೇ ದೊಡ್ಡವ್ವ, ಕೂಡ್ಲಿಗಿ, ಒಂದು ಕುಬಸ, ರೂ. 1" ಅಂತಿತ್ತು. ಅಜ್ಜಿಗೆ ಒಬ್ಬ ಅಕ್ಕ ಇದ್ದದ್ದೇ ನಮಗೆ ಗೊತ್ತಿರಲಿಲ್ಲ! ಕೂಡ್ಲಿಗಿಗೆ ಎರಡು ಸಲ ಹೋದೆ. ಮೊದಲ ಸಲ ಮನೆ ತಪ್ಪಿತು. ಎರಡನೇ ಸಲ ದೊಡ್ಡವ್ವನ ಮೊಮ್ಮಗ ಸಿಕ್ಕ. ಬಸ್ಸು, ಹೂವು, ಹಣ್ಣು ಸೇರಿ 740 ರೂಪಾಯಿ.

ಧಾರವಾಡದವನು: ಬಾಯಿಮಾತಿಗೆ ಆಧಾರ ಏನು? ಹಾಡಿ ಹೇಳಿದ್ದನ್ನೆಲ್ಲ ನಂಬಿದರೆ ಹೇಗೆ? ಕಾಗದ ಬೇಕು. ನಾನು ಮೊದಲು ಒಬ್ಬ ಏಜೆಂಟನಿಗೆ 3,500 ಕೊಟ್ಟು ಕಳೆದುಕೊಂಡೆ. ಫೋನ್ ಎತ್ತಲೇ ಇಲ್ಲ. ಆಮೇಲೆ ನಾನೇ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದೆ. ಕಡತ ಸಿಗ್ತಿಲ್ಲ ಅಂದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿಯಂತೆ 46 ಪುಟಕ್ಕೆ 92. ಬಸ್ಸಿಗೆ ಏಳು ಸಲ ಸೇರಿ 1,120. ಮನೆಯಲ್ಲಿದ್ದ 11 ಪುಟ ಮೋಡಿ ಕಾಗದ (ಹಳೆಯ ಕೂಡುಬರಹದ ಲಿಪಿ) ಓದಿಸಲು ಪುಟಕ್ಕೆ 300, ಅಂದರೆ 3,300. ಒಟ್ಟು 8,022. ಏಜೆಂಟನ ಸಹವಾಸ ಮಾಡದಿದ್ದರೆ 4,522ರಲ್ಲಿ ಮುಗಿಯುತ್ತಿತ್ತು, ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಸಿಕ್ಕಿದ್ದು ನೋಡಿ. ವಾರಸಾ ಡೈರಿಯಲ್ಲಿ, ಅಂದರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಆದ ದಾಖಲೆಯಲ್ಲಿ, 1919ರಲ್ಲಿ ಒಂದೇ ಸಲ ಇಬ್ಬರು ಅಣ್ಣತಮ್ಮಂದಿರ ಹೆಸರು ಕಡಿಮೆಯಾಗಿದೆ. 1918ರ ಇನ್‌ಫ್ಲುಯೆಂಜಾ ಅಂತ ನನಗೆ ಆಗ ಹೊಳೆಯಿತು. ಇದನ್ನು ಯಾವ ಹೆಳವರೂ ಹೇಳಿರಲಿಲ್ಲ. ರೋಣ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು, ಗದಗ ಜಿಲ್ಲೆ ಆದದ್ದು ಆಮೇಲೆ. ಅದನ್ನು ನೆನಪಿಟ್ಟುಕೊಂಡು ಹುಡುಕಿ. ಹೊಲ ಇಲ್ಲದ ಮನೆತನ ಎಲ್ಲಿದೆ? ಪಹಣಿ ಹಿಡಿದು ಹಿಂದೆ ಹಿಂದೆ ಹೋದರೆ ಆಯಿತು.

ಬ್ಯಾಡಗಿ ಅಣ್ಣ: ಆಧಾರ ಅಂತೀರಲ್ಲ, ನಮ್ಮ ಅತ್ತೆ ಸುಮ್ನೆ ಅತ್ತರಾ? ಹೆಳವರಿಗೆ ಅವಮಾನ ಮಾಡಬೇಡಿ.

ತುಮಕೂರು ಮಾಸ್ತರ: "ಹೊಲ ಇಲ್ಲದ ಮನೆತನ ಎಲ್ಲಿದೆ" ಅಂತ ಬರೆದವರು ನಮ್ಮ ಕೇರಿಗೆ ಬನ್ನಿ, ತೋರಿಸುತ್ತೇನೆ. ನಮ್ಮ ಕೇರಿಗೆ ಹೆಳವರು ಬಂದದ್ದಿಲ್ಲ. ಮನೆಯಲ್ಲಿ ಮೋಡಿ ಕಾಗದ ಇರಲಿಲ್ಲ, ಜಾತಕ ಇರಲಿಲ್ಲ. ನಮ್ಮ ತಾತ ತೋಟಿ ಕೆಲಸ, ಅಂದರೆ ಊರಿನ ಚಾಕರಿ, ಮಾಡುತ್ತಿದ್ದರು. 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆ ಬಂದ ಮೇಲೆ ಆ ಕೆಲಸಕ್ಕೆ ಕೊಟ್ಟಿದ್ದ ತೋಟಿ ಇನಾಂ ಜಮೀನಿನ ಮರುಮಂಜೂರಾತಿಗೆ ಅರ್ಜಿ ಹಾಕಿದ್ದರು. ಆ ಕಡತದಲ್ಲಿ ತಾತನ ಹೆಬ್ಬೆಟ್ಟಿನ ಗುರುತಿದೆ, ಪಕ್ಕದಲ್ಲಿ ಅವರ ಅಪ್ಪನ ಹೆಸರಿದೆ. ನೀಲಿ ಶಾಯಿ, ಹೆಬ್ಬೆಟ್ಟಿನ ಗೆರೆಗಳು ಈಗಲೂ ಸ್ಪಷ್ಟ. ನಮ್ಮ ಹಿರಿಯರ ಗುರುತು ಅಂತ ಇರುವುದು ಅದೊಂದೇ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಮಾಹಿತಿ ಹಕ್ಕಿನ ಶುಲ್ಕ ಕಟ್ಟಲಿಲ್ಲ. ಐದು ದಿನದ ರಜೆ ಹೋಯಿತು. ಗೇಣಿ ಮಾಡುತ್ತಿದ್ದವರ ಮಕ್ಕಳು 1974ರ ನಂತರದ ಭೂ ನ್ಯಾಯಮಂಡಳಿ ಕಡತ ಕೇಳಿ, ನಮೂನೆ 7 ಅಂತ, ಗೇಣಿದಾರರು ಹಾಕಿದ ಅರ್ಜಿ. ಪಹಣಿಯಲ್ಲಿ ಇಲ್ಲದ ಹೆಸರು ಅಲ್ಲಿರುತ್ತದೆ.

ಧಾರವಾಡದವನು: ಮಾಸ್ತರೇ, ತಪ್ಪಾಯಿತು. ಆ ಮಾತು ಬರೆಯಬಾರದಿತ್ತು. ಆದರೂ ಕಾಗದವೇ ಗಟ್ಟಿ ಅನ್ನೋದನ್ನು ನಿಮ್ಮ ಕಡತವೇ ತೋರಿಸುತ್ತದೆ, ಅಲ್ವಾ?

ಮೈಸೂರು ಚಿಕ್ಕಮ್ಮ: ಜಾತಕವೂ ಕಾಗದವೇ. ನಮ್ಮ ತಾತನ ಜಾತಕದಲ್ಲಿ ಪ್ಲವ ಸಂವತ್ಸರ ಅಂತಿದೆ. 1841 ಅಂತ ಲೆಕ್ಕ ಹಾಕಿ ವಂಶವೃಕ್ಷ ಅಚ್ಚು ಹಾಕಿಸಿದೆ, 60 ಪ್ರತಿಗೆ 4,200 ರೂಪಾಯಿ.

ಧಾರವಾಡದವನು: ಪ್ಲವ 1901ರಲ್ಲೂ ಬಂದಿತ್ತು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ತಾತ 1841ರಲ್ಲಿ ಹುಟ್ಟಿದ್ದರೆ ನಿಮ್ಮ ಅಪ್ಪ ಹುಟ್ಟುವಾಗ ಅವರಿಗೆ ವಯಸ್ಸೆಷ್ಟು?

ಮೈಸೂರು ಚಿಕ್ಕಮ್ಮ: ನಮ್ಮ ಮನೆ ವಿಷಯ ನಮಗೆ ಗೊತ್ತು. ಜೋಯಿಸರು ನೋಡಿಯೇ ಹೇಳಿದ್ದು.

ತುಮಕೂರು ಮಾಸ್ತರ: ಜಗಳ ಯಾಕೆ? ಜಾತಕದ ಮೇಲುಗಡೆ ಶಾಲಿವಾಹನ ಶಕ ಬರೆದಿದೆಯಾ ನೋಡಿ, ಅದಕ್ಕೆ 78 ಕೂಡಿಸಿ. 1763 ಇದ್ದರೆ 1841, 1823 ಇದ್ದರೆ 1901.

ರೋಣದ ಮರಿಮಗಳು: ಎಲ್ಲರಿಗೂ ಥ್ಯಾಂಕ್ಸ್. ಹರಪನಹಳ್ಳಿ ಅಕ್ಕ, ಮುಯ್ಯಿ ಪುಸ್ತಕ ಅಂದಿರಲ್ಲ, ಅಪ್ಪನನ್ನು ಕೇಳಿದೆ. ಅಜ್ಜಿಯದು ಅಟ್ಟದ ಮೇಲೆ ಇರಬೇಕು ಅಂದರು. ನಾಳೆ ಏಣಿ ಹಾಕುತ್ತೇನೆ.

ಮೈಸೂರು ಚಿಕ್ಕಮ್ಮ: 1823 ಅಂತಿದೆ.