ಕ್ವಿಜ್ ಶೋ ಮಾಡೋ ಕೆಲಸಕ್ಕೆ ಹೋಗೋದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ತೆ ಮೇಡಂ, ಹಾಸನದವನು, ಬಿಎ ಕೊನೇ ವರ್ಷ. ಕಾಲೇಜಲ್ಲಿ ಯಾವ ಕ್ವಿಜ್ ಆದ್ರೂ ಪ್ರಶ್ನೆ ಮಾಡಿಕೊಡೋನು ನಾನೇ. ಸಿದ್ಧಾರ್ಥ ಬಸು ಥರ ಟಿವಿಗೆ ಶೋ ಮಾಡ್ಬೇಕು ಅಂತ ಆಸೆ, ಮನೇಲಿ ಬಿಎಡ್ ಮಾಡು ಅಂತಾರೆ. ಇದಕ್ಕೆ ಕೋರ್ಸ್ ಇದ್ಯಾ? 2,000 ಪ್ರಶ್ನೆ ರೆಡಿ ಇಟ್ಕೊಂಡಿದೀನಿ.

ಉತ್ತರ: ಇದಕ್ಕೇ ಅಂತ ಕೋರ್ಸ್ ನಾನಂತೂ ನೋಡಿಲ್ಲಪ್ಪ. ಹನ್ನೊಂದು ವರ್ಷ ಕ್ವಿಜ್ ಶೋಗಳ ರಿಸರ್ಚ್ ಟೀಮಲ್ಲಿದ್ದವಳು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ, ನಿನ್ ಹತ್ರ ಇರೋದು ಪ್ರಶ್ನೆ ಅಷ್ಟೆ, ಶೋ ಅಲ್ಲ. ಬಸು ಅವರನ್ನೇ ನೋಡು, 1985ರಲ್ಲಿ ದೂರದರ್ಶನದ ಕ್ವಿಜ್ ಟೈಮ್ ನಡೆಸಿ ಮನೆಮಾತಾದ್ರು, ಆಮೇಲೆ ಸ್ವಂತ ಕಂಪನಿ, 1998ರಲ್ಲಿ ಮಾಸ್ಟರ್‌ಮೈಂಡ್ ಇಂಡಿಯಾ, 2000ದಲ್ಲಿ ಸ್ಟಾರ್ ಪ್ಲಸ್‌ಗೆ ಕೌನ್ ಬನೇಗಾ ಕರೋಡ್‌ಪತಿ. ಕೊನೇವೆರಡೂ ಬ್ರಿಟನ್ನಿನ ಫಾರ್ಮ್ಯಾಟು, ಅಂದ್ರೆ ಆಟ ನಡೆಯೋ ರೀತಿ ಅಲ್ಲಿಂದ ತಂದಿದ್ದು. ಶೋ ಅಂದ್ರೆ ಅದೇ.

ಮಾಸ್ಟರ್‌ಮೈಂಡ್ ಹುಟ್ಟಿಸಿದ್ದು ಬಿಬಿಸಿ ಪ್ರೊಡ್ಯೂಸರ್ ಬಿಲ್ ರೈಟ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸೆರೆ ಸಿಕ್ಕಿ ವಿಚಾರಣೆಗೆ ಕೂತಿದ್ದ ಮನುಷ್ಯ, ಅಲ್ಲಿ ಕೇಳ್ತಿದ್ದಿದ್ದು ಹೆಸರು, ರ‍್ಯಾಂಕು, ನಂಬರು. ಅದನ್ನೇ ಹೆಸರು, ಉದ್ಯೋಗ, ಆರಿಸಿಕೊಂಡ ವಿಷಯ ಅಂತ ಮಾಡಿದ. ಕತ್ತಲೆ, ಒಂದು ಕಪ್ಪು ಕುರ್ಚಿ, ಮುಖದ ಮೇಲೆ ಲೈಟು, ಮುಗೀತು! 1972ರಲ್ಲಿ ಶುರುವಾದಾಗ ಜನ ಮಲಗೋ ಹೊತ್ತಿಗೆ ಹಾಕ್ತಿದ್ರು, ಮುಂದಿನ ವರ್ಷ ಯಾವುದೋ ಕಾಮಿಡಿ ಸೀರಿಯಲ್ ಮೇಲೆ ದೂರು ಬಂದು ಅದರ ಜಾಗಕ್ಕೆ ಇದನ್ನ ತಂದ್ರು, ಹಿಟ್ಟಾಗ್ಬಿಡ್ತು. ಕರೋಡ್‌ಪತಿಯ ಮೂಲ ಶೋ 1998ರದ್ದು, ಡೇವಿಡ್ ಬ್ರಿಗ್ಸ್ ಮತ್ತೆ ಇನ್ನಿಬ್ಬರು ಸೇರಿ ಮಾಡಿದ್ದು. ಅಲ್ಲಿ ಪ್ರಶ್ನೆ ನೋಡಿದ ಮೇಲೂ ಆಡದೆ ದುಡ್ಡು ತಗೊಂಡು ಎದ್ದು ಹೋಗಬಹುದು, ಆಟದ ಜೀವ ಇರೋದೇ ಅಲ್ಲಿ. ಬಹುಮಾನದ ದುಡ್ಡು ಎಲ್ಲಿಂದ ಅಂತೀಯಾ? ಆಗ ಅಲ್ಲಿ ಆಡೋಕೆ ಚಾನ್ಸ್ ಕೇಳ್ಕೊಂಡು ಜನ ಮಾಡ್ತಿದ್ದ ದುಬಾರಿ ಫೋನ್ ಕಾಲ್‌ಗಳಿಂದ.

ಇನ್ನೊಬ್ಬರು: ಮೇಡಂ, ನಮ್ಮ ಥಟ್ ಅಂತ ಹೇಳಿ?

ಉತ್ತರ: ಅದನ್ನ ಮರೆಯೋಕಾಗುತ್ತಾ ಸರ್! 2002ರಿಂದ ಚಂದನದಲ್ಲಿ, ನಡೆಸಿಕೊಡೋರು ಡಾಕ್ಟ್ರು ನಾ. ಸೋಮೇಶ್ವರ, ಬಹುಮಾನ ಪುಸ್ತಕ. ಕೋಟಿ ಇಲ್ಲದೇನೇ ವರ್ಷಗಟ್ಟಲೆ ಜನ ಕೂತು ನೋಡಿದ್ರಲ್ಲ, ನನ್ನ ಕೇಳಿದ್ರೆ ಕುರ್ಚಿ, ಲೈಟಿಗಿಂತ ಕಷ್ಟದ ಕೆಲಸ ಇದು.

ಪ್ರಶ್ನೆ: ಹಾಗಾದ್ರೆ ನಾನು ಎಲ್ಲಿಂದ ಶುರು ಮಾಡ್ಲಿ ಮೇಡಂ?

ಉತ್ತರ: ಪ್ರಶ್ನೆ ಚೆಕ್ ಮಾಡೋ ಕೆಲಸಕ್ಕೆ ಸೇರ್ಕೋ, ಸಂಬಳ ಕಮ್ಮಿನೇ. ನಾನು ಹೊಸದ್ರಲ್ಲಿ ಒಂದು ಶೋಗೆ ಕಾವೇರಿ ಎಲ್ಲಿ ಹುಟ್ತಾಳೆ ಅಂತ ಬರೆದು ಆಪ್ಷನ್‌ನಲ್ಲಿ ತಲಕಾವೇರಿ, ಬ್ರಹ್ಮಗಿರಿ ಎರಡನ್ನೂ ಹಾಕಿದ್ದೆ. ತಲಕಾವೇರಿ ಇರೋದೇ ಬ್ರಹ್ಮಗಿರಿ ಬೆಟ್ಟದಲ್ಲಿ! ಆಡ್ತಿದ್ದವರು ಕೊಡಗಿನೋರು, ಬಿಡ್ತಾರಾ? ಮುಕ್ಕಾಲು ಗಂಟೆ ಶೂಟಿಂಗ್ ನಿಂತೋಯ್ತು, ಲೈಟ್‌ಮನ್‌ಗಳೆಲ್ಲ ನನ್ನ ಮುಖಾನೇ ನೋಡ್ತಿದ್ರು. ಅವತ್ತಿಂದ ತಪ್ಪು ಆಪ್ಷನ್ ಮೂರನ್ನೂ ಸರಿ ಉತ್ತರದ ಹಾಗೇನೇ ಎರಡೆರಡು ಕಡೆ ನೋಡ್ತೀನಿ. ನಿನ್ನ 2,000ದಲ್ಲಿ ಇಪ್ಪತ್ತನ್ನ ಹಂಗೆ ನೋಡಿ ಇನ್‌ಬಾಕ್ಸ್‌ಗೆ ಹಾಕು. ಬಿಎಡ್ ಮಾಡಿದ್ರೂ ನಷ್ಟ ಏನಿಲ್ಲ ಬಿಡು, ನಮ್ಮ ಟೀಮಲ್ಲಿ ತಪ್ಪು ಹಿಡಿಯೋಕೆ ನಿಸ್ಸೀಮರು ಒಬ್ಬರು ರಿಟೈರ್ಡ್ ಮೇಷ್ಟ್ರೇ.